ಒಂದೇ ಕಾವಿಗೆ ಪಾಪೋವರ್, ಅದರ ಹಿಂದೆಯೇ ಬ್ರೆಡ್

ಬ್ರೆಡ್ ಮಾಡುವುದೆಂದರೆ ತೋಳು ಸೋಲುವ ತನಕ ಕಣಕ ನಾದುವುದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಮನೆಯಲ್ಲಿ ಮಾಡುವ ಬ್ರೆಡ್‌ಗಳಲ್ಲಿ ನಾದುವ ಕೆಲಸವೇ ಇಲ್ಲ. ಸೋಮಾರಿತನ ಅನ್ನುವುದಾದರೆ ಅನ್ನಿ, ಬೇಜಾರಿಲ್ಲ. ರಾತ್ರಿ ಊಟದ ಪಾತ್ರೆ ತೊಳೆಯುವ ಮೊದಲು ಐದು ನಿಮಿಷ, ಬೆಳಿಗ್ಗೆ ಇನ್ನೊಂದಿಷ್ಟು ಹೊತ್ತು, ಅಷ್ಟೇ ನನ್ನ ಪಾಲಿನ ಕೆಲಸ. ಮಿಕ್ಕಿದ್ದನ್ನು ಯೀಸ್ಟು, ನೀರಿನ ಆವಿ, ಗಡಿಯಾರ ಸೇರಿ ನೋಡಿಕೊಳ್ಳುತ್ತವೆ. ರಜೆಯ ದಿನ ಓವನ್ ಒಂದೇ ಸಲ ಕಾದು ಮೊದಲು ಪಾಪೋವರ್ ಎಂಬ ಪುಟ್ಟ ಪೊಳ್ಳು ಬ್ರೆಡ್, ಅದರ ಹಿಂದೆಯೇ ದೊಡ್ಡ ಬ್ರೆಡ್ ಹೊರಬರುವ ಹಾಗೆ ಒಂದು ಕ್ರಮ ಕೂಡಿಬಂದಿದೆ. ಅದನ್ನೇ ಇಲ್ಲಿ ರಾತ್ರಿಯಿಂದ ಶುರುಮಾಡಿ ಹೇಳುತ್ತೇನೆ.

ರಾತ್ರಿ ಎಂಟು ಗಂಟೆ ಸುಮಾರಿಗೆ ದೊಡ್ಡ ಬೋಗುಣಿಗೆ 400 ಗ್ರಾಂ ಮೈದಾ, 8 ಗ್ರಾಂ ಉಪ್ಪು, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್ ಹಾಕಿ ಕೈಯಾಡಿಸುತ್ತೇನೆ. ಕಾಲು ಚಮಚ ಅಂದರೆ ಒಂದು ಗ್ರಾಂಗಿಂತ ತುಸು ಕಡಿಮೆಯೇ. ಅಡುಗೆಮನೆಯ ಸಾಮಾನ್ಯ ತಕ್ಕಡಿಗೆ ಒಂದು ಗ್ರಾಂ ಸರಿಯಾಗಿ ತಿಳಿಯುವುದಿಲ್ಲ, ಹಾಗಾಗಿ ಯೀಸ್ಟ್ ಒಂದಕ್ಕೆ ಮಾತ್ರ ಚಮಚ, ಉಳಿದದ್ದಕ್ಕೆಲ್ಲ ತೂಕ. ಆಮೇಲೆ 300 ಗ್ರಾಂ ನೀರು ಸುರಿದು, ಮರದ ಸೌಟಿನಲ್ಲಿ ಒಣಹಿಟ್ಟು ಎಲ್ಲೂ ಕಾಣದಂತೆ ಕಲಸಿಬಿಟ್ಟರೆ ಆಯಿತು. ನೋಡಲು ಏನೂ ಚೆನ್ನಾಗಿರುವುದಿಲ್ಲ. ಗಂಟುಗಂಟಾಗಿ, ಅಂಟಂಟಾಗಿ, ಅಂಚೆಲ್ಲ ಹರಿದ ಹಾಗಿರುತ್ತದೆ. ಹೊಸಬರು ಇದನ್ನು ನೋಡಿ ಗಾಬರಿಯಾಗಿ ಇನ್ನೊಂದು ಹಿಡಿ ಹಿಟ್ಟು ಸೇರಿಸುವುದು ಇಲ್ಲಿಯೇ. ದಯವಿಟ್ಟು ಸೇರಿಸಬೇಡಿ. ನಾಳೆ ಬ್ರೆಡ್ಡಿನ ಒಳಗೆ ಕಾಣಬೇಕಾದ ದೊಡ್ಡ ತೂತುಗಳು ಈ ಹೆಚ್ಚುವರಿ ನೀರಿನ ಕೃಪೆ.

ಬೇಕರಿಯವರು ಅಳತೆ ಹೇಳುವ ಲೆಕ್ಕ ನನಗೆ ಬಹಳ ಹಿಡಿಸಿದೆ. ಹಿಟ್ಟನ್ನು ಯಾವಾಗಲೂ ನೂರು ಅಂತ ಇಟ್ಟುಕೊಂಡು ಬೇರೆಲ್ಲವನ್ನೂ ಅದರ ಶೇಕಡಾವಾರು ಹೇಳುತ್ತಾರೆ. ಮೇಲಿನ ಕಣಕದಲ್ಲಿ ನೀರು 75, ಉಪ್ಪು 2. ಇದು ತಲೆಯಲ್ಲಿ ಕೂತರೆ ಪಾಕವಿಧಾನದ ಚೀಟಿ ಬೇಡ. ಮನೆಗೆ ನೆಂಟರು ಬರುವ ದಿನ 700 ಗ್ರಾಂ ಹಿಟ್ಟು ತೆಗೆದುಕೊಂಡರೆ 525 ನೀರು, 14 ಉಪ್ಪು ಎಂದು ಬಾಯಲ್ಲೇ ಲೆಕ್ಕ ಹಾಕಬಹುದು. ಕಪ್ಪಿನ ಅಳತೆಯಲ್ಲಿ ಈ ಸುಖವಿಲ್ಲ. ಹಿಟ್ಟನ್ನು ಒತ್ತಿ ತುಂಬಿದರೆ ಒಂದು ಕಪ್ 150 ಗ್ರಾಂ ಕೂಡ ತೂಗೀತು, ಚಮಚದಿಂದ ಉದುರಿಸಿ ತುಂಬಿದರೆ 120. ಮೂರು ಕಪ್ಪಿಗೆ ಬರುವ ವ್ಯತ್ಯಾಸ ಒಂದು ಮುಷ್ಟಿಯಷ್ಟಲ್ಲ, ಮುಕ್ಕಾಲು ಕಪ್ಪಿನಷ್ಟು. ಬ್ರೆಡ್ ಮಾಡುವವರು ಒಂದೇ ಒಂದು ಸಾಮಾನು ಕೊಳ್ಳುವುದಾದರೆ ತಕ್ಕಡಿ ಕೊಳ್ಳಲಿ ಎನ್ನುವುದು ನನ್ನ ಹಟ.

ಎಲ್ಲ ಮೈದಾ ಒಂದೇ ಪ್ರಮಾಣದ ನೀರು ಕುಡಿಯುವುದಿಲ್ಲ ಎಂಬುದೊಂದನ್ನು ಗಮನಿಸಬೇಕು. ಪ್ರೋಟೀನ್ ಶೇ. 12ರ ಆಸುಪಾಸು ಇರುವ ಬ್ರೆಡ್ ಹಿಟ್ಟಾದರೆ 75ರಷ್ಟು ನೀರನ್ನು ಆರಾಮಾಗಿ ತಡೆಯುತ್ತದೆ. 10ರ ಹತ್ತಿರದ ಹಿಟ್ಟಿಗೆ ಅಷ್ಟು ಹಾಕಿದರೆ ಬೆಳಿಗ್ಗೆ ಕಣಕದ ಬದಲು ಅಂಬಲಿ ಸಿಗುತ್ತದೆ. ಅಂಥ ಹಿಟ್ಟಿಗೆ ನಾನು 270 ಗ್ರಾಂ ನೀರಿಗೇ ನಿಲ್ಲಿಸುತ್ತೇನೆ. ಪೊಟ್ಟಣದ ಹಿಂಬದಿಯಲ್ಲಿ 100 ಗ್ರಾಂಗೆ ಎಷ್ಟು ಪ್ರೋಟೀನ್ ಎಂದು ಅಚ್ಚಾಗಿರುತ್ತದೆ, ನೋಡುವ ಅಭ್ಯಾಸವೊಂದು ಬೇಕು.

ಬೋಗುಣಿಗೆ ತಟ್ಟೆ ಮುಚ್ಚಿ ಮಲಗಿದ ಮೇಲೆ ಅದರೊಳಗೆ ಏನಾಗುತ್ತದೆ? ಗೋಧಿಹಿಟ್ಟಿನಲ್ಲಿ ಗ್ಲುಟೆನಿನ್, ಗ್ಲಯಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ಸೋಕಿದಾಗ ಇವು ಒಂದಕ್ಕೊಂದು ಹೆಣೆದುಕೊಂಡು ಗ್ಲುಟನ್ ಎಂಬ ಎಳೆಯುವ ಬಲೆಯಾಗುತ್ತವೆ. ಒಂದಕ್ಕೆ ಬಿಗಿ, ಇನ್ನೊಂದಕ್ಕೆ ಜಗ್ಗುವ ಗುಣ. ನಾದುವಾಗ ನಾವು ಮಾಡುವುದು ಈ ಹೆಣಿಗೆಯನ್ನು ಬೇಗ ಆಗಿಸುವುದು ಮಾತ್ರ. ನೀರು ಧಾರಾಳವಾಗಿದ್ದು ಹನ್ನೆರಡು ಗಂಟೆ ಸಮಯ ಕೊಟ್ಟರೆ ಎಳೆಗಳು ತಾವಾಗಿಯೇ ಸಾಲುಗೂಡುತ್ತವೆ. ಹುಟ್ಟುವ ಗಾಳಿಗುಳ್ಳೆಗಳೂ ಒಳಗಿನಿಂದ ಕಣಕವನ್ನು ನಿಧಾನವಾಗಿ ಹಿಗ್ಗಿಸುತ್ತಾ ಆ ಕೆಲಸಕ್ಕೆ ಕೈಜೋಡಿಸುತ್ತವೆ. ನ್ಯೂಯಾರ್ಕಿನ ಬೇಕರ್ ಜಿಮ್ ಲೇಹಿಯ ಈ ಕ್ರಮ 2006ರಲ್ಲಿ ಪತ್ರಿಕೆಯಲ್ಲಿ ಬಂದಾಗ ಮನೆಯಲ್ಲಿ ಬ್ರೆಡ್ ಮಾಡುವವರ ಜಗತ್ತೇ ಅದರ ಹಿಂದೆ ಬಿದ್ದಿತ್ತು. ಚಿಟಿಕೆ ಯೀಸ್ಟ್, ತುಂಬಾ ನೀರು, 12ರಿಂದ 18 ಗಂಟೆ ಕಾಯುವುದು, ಕೊನೆಗೆ ಕಾದ ಮುಚ್ಚಳದ ಪಾತ್ರೆ. ನಾನು ಮಾಡುವುದೂ ಅದರ ಸಂತತಿಯೇ.

ಯೀಸ್ಟ್ ಜೀವಂತ ಪದಾರ್ಥ, ಹುದುಗು ಅದರ ಬದುಕಿನ ಕೆಲಸ ಎಂಬುದನ್ನು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು 1850ರ ದಶಕದ ಕೊನೆಯಲ್ಲಿ. ಅದಕ್ಕೂ ಸಾವಿರಾರು ವರ್ಷ ಮೊದಲಿಂದ ಜನ ಅದನ್ನು ನೋಡದೆಯೇ ಸಾಕಿಕೊಂಡು ಬಂದಿದ್ದರು. ಹಿಟ್ಟಿನಲ್ಲಿರುವ ಕಿಣ್ವಗಳು ಪಿಷ್ಟವನ್ನು ಮುರಿದು ಸಕ್ಕರೆ ಮಾಡಿಕೊಡುತ್ತವೆ, ಯೀಸ್ಟ್ ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ಆಲ್ಕೋಹಾಲ್ ಬಿಡುತ್ತದೆ. ಹಾಗಾಗಿ ಈ ಕಣಕಕ್ಕೆ ಸಕ್ಕರೆ ಹಾಕುವ ಅಗತ್ಯವೇ ಇಲ್ಲ. ಚಿಟಿಕೆ ಯೀಸ್ಟು ನಿಧಾನಕ್ಕೆ ದುಡಿಯುವುದರಿಂದಲೇ ಸಣ್ಣಗೆ ಹುಳಿ ಬೆರೆತ ಒಂದು ಆಳವಾದ ರುಚಿ ಬರುತ್ತದೆ. ಎರಡು ಚಮಚ ಯೀಸ್ಟ್ ಹಾಕಿ ಒಂದೇ ಗಂಟೆಯಲ್ಲಿ ಉಬ್ಬಿಸಿದ ಬ್ರೆಡ್ಡಿಗೆ ಯೀಸ್ಟಿನದೇ ವಾಸನೆ, ಅದು ನನಗೆ ಸೇರುವುದಿಲ್ಲ.

ಬೆಳಿಗ್ಗೆ ತಟ್ಟೆ ತೆಗೆದಾಗ ಬೋಗುಣಿ ಬೇರೆಯೇ ಆಗಿರುತ್ತದೆ. ಕಣಕ ಎರಡು ಪಟ್ಟಿಗೂ ಮಿಕ್ಕಿ ಹರಡಿ, ಮೇಲ್ಮೈ ತುಂಬಾ ಗುಳ್ಳೆ ಎದ್ದಿರುತ್ತದೆ. ಬೋಗುಣಿಯನ್ನು ಓರೆ ಮಾಡಿದರೆ ಅಂಚಿನಿಂದ ಉದ್ದುದ್ದ ದಾರಗಳಂತೆ ಎಳೆಗಳು ಬಿಡಿಸಿಕೊಳ್ಳುತ್ತಾ ಬರುತ್ತವೆ. ಯಾರೂ ನಾದದೆ ಹುಟ್ಟಿದ ಗ್ಲುಟನ್ ಅದೇ. ವಾಸನೆ ಲಘುವಾಗಿ ಹುಳಿ, ಲಘುವಾಗಿ ಹಣ್ಣಿನದು. ಘಾಟು ಹೊಡೆದರೆ, ನಡು ಕುಸಿದು ತಗ್ಗು ಬಿದ್ದಿದ್ದರೆ ಹೊತ್ತು ಮೀರಿದೆ ಎಂದರ್ಥ. ಇದಕ್ಕೆ ಗಂಟೆಗಳ ಲೆಕ್ಕಕ್ಕಿಂತ ಕೋಣೆಯ ಬಿಸಿಯೇ ಮುಖ್ಯ. 21–22 ಡಿಗ್ರಿಯ ಕೋಣೆಯಲ್ಲಿ 14 ಗಂಟೆ ಬೇಕಾಗುವ ಕಣಕ 30 ಡಿಗ್ರಿಯಲ್ಲಿ 8 ಗಂಟೆಗೇ ತಯಾರಾಗುತ್ತದೆ. ಬೇಸಿಗೆಯಲ್ಲಿ ನಾನು ಫ್ರಿಜ್ಜಿನಿಂದ ತೆಗೆದ ತಣ್ಣೀರು ಹಾಕಿ, ಯೀಸ್ಟನ್ನು ಅರ್ಧಕ್ಕಿಳಿಸಿ, ಮಲಗುವ ಹೊತ್ತಿಗೆ ಕಲಸುತ್ತೇನೆ.

ಕೈ ಒದ್ದೆ ಮಾಡಿಕೊಳ್ಳುವುದು ಇಲ್ಲಿ ದೊಡ್ಡ ಉಪಾಯ. ಒಣಹಿಟ್ಟು ಸವರಿಕೊಂಡ ಕೈಗಿಂತ ಒದ್ದೆ ಕೈಗೆ ಕಣಕ ಅಂಟುವುದು ಕಡಿಮೆ. ಒಂದು ಬದಿಯನ್ನು ಹಿಡಿದು ಮೇಲಕ್ಕೆ ಎಳೆದು ಮಧ್ಯಕ್ಕೆ ಮಡಚಬೇಕು, ಬೋಗುಣಿ ತಿರುಗಿಸಿ ಇನ್ನೊಂದು ಬದಿ, ಹೀಗೆ ನಾಲ್ಕೂ ದಿಕ್ಕಿನಿಂದ. ನಾಲ್ಕನೆಯ ಮಡಿಕೆಗೆ ಬರುವಾಗ ಕಣಕ ಬಿಗಿಯಾಗಿ ಎದುರು ಜಗ್ಗುವುದು ಕೈಗೇ ತಿಳಿಯುತ್ತದೆ. ಅಲ್ಲಿಗೆ ಸಾಕು. ಹಿಟ್ಟು ಉದುರಿಸಿದ ಕಟ್ಟೆಯ ಮೇಲೆ ಬೋರಲು ಹಾಕಿ, ಎರಡೂ ಅಂಗೈಗಳಿಂದ ನನ್ನ ಕಡೆಗೆ ಎಳೆದುಕೊಂಡರೆ ತಳ ಕಟ್ಟೆಗೆ ಅಂಟಿ ಮೇಲ್ಮೈ ಬಿಗಿದು ಗುಂಡಗಾಗುತ್ತದೆ. ಬೇಕಿಂಗ್ ಕಾಗದದ ಮೇಲೆ ಕೂರಿಸಿ ಮೇಲೆ ಬೋಗುಣಿ ಕವಿಚಿಡುತ್ತೇನೆ. ಇನ್ನು ಒಂದೂವರೆ ಗಂಟೆ ಅದರ ತಂಟೆಗೆ ಹೋಗುವುದಿಲ್ಲ.

ಪಾಪೋವರಿಗೆ ಸಿಗುವುದು ಈ ಒಂದೂವರೆ ಗಂಟೆಯೇ.

ಪಾಪೋವರ್ ತಿಂದಿಲ್ಲದವರಿಗೆ ಎರಡು ಮಾತು. ಮೊಟ್ಟೆ, ಹಾಲು, ಹಿಟ್ಟು, ಉಪ್ಪು ಇಷ್ಟರಿಂದ ಆಗುವ ಪುಟ್ಟ ಬ್ರೆಡ್ ಅದು. ಯೀಸ್ಟ್ ಇಲ್ಲ, ಸೋಡಾ ಇಲ್ಲ, ಬೇಕಿಂಗ್ ಪೌಡರೂ ಇಲ್ಲ. ಆದರೂ ಅಚ್ಚಿನಿಂದ ಮೇಲೆದ್ದು, ಅಂಚು ದಾಟಿ ಟೋಪಿಯಂತೆ ಹೊರಚಾಚುತ್ತದೆ. ಹೊರಗೆ ಗರಿಗರಿ, ಒಳಗೆ ಪೂರ್ತಿ ಪೊಳ್ಳು, ಪೊಳ್ಳಿನ ಗೋಡೆಗೆ ಮೊಟ್ಟೆಯ ಮೃದು ಪದರ. ಅಮೆರಿಕದ ಅಡುಗೆಮನೆಯ ತಿನಿಸಾದರೂ ಇಂಗ್ಲೆಂಡಿನ ಯಾರ್ಕ್‌ಶೈರ್ ಪುಡ್ಡಿಂಗ್‌ಗೆ ಹತ್ತಿರದ ಸಂಬಂಧಿ. ಅಲ್ಲಿ ಹುರಿದ ಮಾಂಸದಿಂದ ಇಳಿದ ಕೊಬ್ಬಿನಲ್ಲಿ ಇದೇ ಬಗೆಯ ಹಿಟ್ಟನ್ನು ಬೇಯಿಸುತ್ತಾರೆ. ಹನ್ನಾ ಗ್ಲಾಸ್ ಎಂಬಾಕೆ 1747ರಲ್ಲೇ ಅದನ್ನು ಯಾರ್ಕ್‌ಶೈರ್ ಹೆಸರಿನಲ್ಲಿ ಬರೆದಿಟ್ಟಿದ್ದಾರೆ. 2008ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ, ನಾಲ್ಕು ಇಂಚಿಗಿಂತ ಗಿಡ್ಡಗಿದ್ದರೆ ಅದನ್ನು ಯಾರ್ಕ್‌ಶೈರ್ ಪುಡ್ಡಿಂಗ್ ಅನ್ನುವ ಹಾಗಿಲ್ಲ ಎಂದು ತೀರ್ಪು ಕೊಟ್ಟಿತ್ತು. ರಸಾಯನಶಾಸ್ತ್ರಜ್ಞರಿಗೆ ಎಂಥೆಂಥ ಕೆಲಸ! ಓದಿದ ಮೇಲೆ ನಾನೂ ಸ್ಕೇಲ್ ಹಿಡಿದು ಅಳೆದೆ ಅನ್ನಿ. ನಮ್ಮ ಪಾಪೋವರ್ ಪಾಸಾಯಿತು.

ಆರು ಪಾಪೋವರಿಗೆ ನನ್ನ ಅಳತೆ ಇದು: 240 ಮಿಲಿಲೀಟರ್ ಹಾಲು, 120 ಗ್ರಾಂ ಮೈದಾ, ಮೂರು ಮೊಟ್ಟೆ, ಅರ್ಧ ಟೀ ಚಮಚ ಉಪ್ಪು, ಕರಗಿಸಿದ ಒಂದು ದೊಡ್ಡ ಚಮಚ ಬೆಣ್ಣೆ. ಎರಡು ಮೊಟ್ಟೆ ಸಾಕು ಎನ್ನುವವರಿದ್ದಾರೆ, ಮೂರಾದರೆ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ನನ್ನ ಅನುಭವ. ಹಾಲನ್ನು ಉಗುರುಬೆಚ್ಚಗೆ ಮಾಡಿಕೊಳ್ಳುತ್ತೇನೆ, ಮೊಟ್ಟೆ ಫ್ರಿಜ್ಜಿನಲ್ಲಿದ್ದರೆ ಚಿಪ್ಪು ಸಮೇತ ಬಿಸಿನೀರಿನಲ್ಲಿ ಐದು ನಿಮಿಷ ಇಡುತ್ತೇನೆ. ತಣ್ಣನೆ ಹಿಟ್ಟು ಅಚ್ಚಿಗೆ ಬಿದ್ದರೆ ಓವನಿನ ಮೊದಲ ಶಾಖವೆಲ್ಲ ಅದನ್ನು ಬೆಚ್ಚಗಾಗಿಸಲಿಕ್ಕೇ ಖರ್ಚಾಗಿ, ಉಬ್ಬುವ ಹೊತ್ತಿಗೆ ಮೇಲ್ಪದರ ಗಟ್ಟಿಯಾಗಿಬಿಟ್ಟಿರುತ್ತದೆ. ಮೊದಲು ಮೊಟ್ಟೆ, ಹಾಲು, ಉಪ್ಪು, ಬೆಣ್ಣೆ ಕಡೆದು, ಆಮೇಲೆ ಹಿಟ್ಟು. ನಾಲ್ಕೈದು ಸಣ್ಣ ಗಂಟು ಉಳಿದರೆ ಉಳಿಯಲಿ, ಅರ್ಧ ಗಂಟೆ ಬಿಟ್ಟಾಗ ಹೀರಿಕೊಂಡು ಕರಗುತ್ತವೆ. ಹಿಟ್ಟಿನ ಹದ ಕೆನೆಯಷ್ಟು ತೆಳ್ಳಗಿರಬೇಕು, ಸೌಟಿನಿಂದ ಸುರಿದರೆ ತಡೆಯಿಲ್ಲದೆ ಇಳಿಯಬೇಕು. ದಪ್ಪವಾದರೆ ಪಾಪೋವರ್ ಆಗದೆ ಮಫಿನ್ ಆದೀತು.

ಹಿಟ್ಟು ಸುಧಾರಿಸಿಕೊಳ್ಳುವ ಆ ಅರ್ಧ ಗಂಟೆಯಲ್ಲಿ ಓವನ್ 220 ಡಿಗ್ರಿಗೆ ಕಾಯಲಿ. ಓವನಿನ ಗುಂಡಿ ಹೇಳುವುದನ್ನು ಮಾತ್ರ ಪೂರ್ತಿ ನಂಬಬೇಡಿ. ಮನೆ ಓವನ್‌ಗಳು ಇಪ್ಪತ್ತು ಡಿಗ್ರಿ ಆಚೀಚೆ ಇರುವುದು ಮಾಮೂಲು. ಒಳಗೆ ತೂಗುಹಾಕುವ ಪುಟ್ಟ ಥರ್ಮಾಮೀಟರ್ ಬಂದ ಮೇಲೆ ನಮ್ಮದು 15 ಡಿಗ್ರಿ ಹಿಂದಿದೆ ಎಂದು ಗೊತ್ತಾಯಿತು, ಈಗ ಗುಂಡಿಯನ್ನು 235ಕ್ಕೆ ತಿರುಗಿಸುತ್ತೇನೆ. ಬ್ರೆಡ್ ಇಂಥ ವ್ಯತ್ಯಾಸವನ್ನು ಹತ್ತು ನಿಮಿಷ ಹೆಚ್ಚು ಬೆಂದು ಸರಿದೂಗಿಸಿಕೊಳ್ಳುತ್ತದೆ. ಪಾಪೋವರಿಗೆ ಆ ಔದಾರ್ಯವಿಲ್ಲ, 220 ಎಂದರೆ 220. ಫ್ಯಾನ್ ಇರುವ ಓವನ್ ಆದರೆ ಪಾಪೋವರಿಗೆ ಫ್ಯಾನನ್ನು ನಿಲ್ಲಿಸುವುದು ಒಳ್ಳೆಯದು, ಇಲ್ಲವಾದರೆ ಗಾಳಿ ಒಂದು ಕಡೆಯಿಂದ ಬೀಸಿ ತಲೆ ವಾಲಿಕೊಳ್ಳುತ್ತದೆ.

ಅಚ್ಚನ್ನೂ ಓವನಿನಲ್ಲೇ ಕಾಯಿಸಬೇಕು. ಪಾಪೋವರಿನ ಅಚ್ಚು ಎತ್ತರ, ಕಿರಿದು, ಗುಳಿಗಳ ನಡುವೆ ಗಾಳಿಯಾಡುವ ಜಾಗ ಇರುತ್ತದೆ. ಇಲ್ಲದಿದ್ದರೆ ಮಫಿನ್ ಅಚ್ಚಿನಲ್ಲಿ ಒಂದು ಬಿಟ್ಟು ಒಂದು ಗುಳಿ ತುಂಬಿದರೆ ಸಾಕು, ಎತ್ತರ ಸ್ವಲ್ಪ ಕಡಿಮೆ ಬರುತ್ತದೆ, ರುಚಿಗೆ ಏನೂ ಮೋಸವಿಲ್ಲ. ಕಾದ ಅಚ್ಚು ಹೊರತೆಗೆದು ಪ್ರತಿ ಗುಳಿಗೂ ಅರ್ಧ ಚಮಚ ಎಣ್ಣೆ ಬಿಟ್ಟು, ಬ್ರಷ್‌ನಲ್ಲಿ ಅಂಚಿನ ತನಕ ಸವರಿ, ಹಿಟ್ಟನ್ನು ಅರ್ಧಕ್ಕಿಂತ ತುಸು ಮೇಲೆ ಸುರಿಯುತ್ತೇನೆ. ಬೆಣ್ಣೆಯಲ್ಲಿರುವ ಹಾಲಿನಂಶ ಈ ಬಿಸಿಗೆ ಕರಕಲಾಗುತ್ತದೆ, ಅದಕ್ಕೇ ಎಣ್ಣೆ. ಹಿಟ್ಟು ಬಿದ್ದಾಗ ಅಂಚಿನಲ್ಲಿ ಚುರ್ ಎಂದು ನೊರೆ ಏಳಬೇಕು, ಆ ಸದ್ದಿಲ್ಲದಿದ್ದರೆ ಅಚ್ಚು ಕಾದಿಲ್ಲ. ಇದೆಲ್ಲ ಚಕಚಕ ಆಗಬೇಕು. ಹಿಟ್ಟನ್ನು ಮೊದಲೇ ಮೂತಿಯಿರುವ ಜಗ್ಗಿಗೆ ತುಂಬಿಟ್ಟುಕೊಂಡರೆ ಅರ್ಧ ನಿಮಿಷದಲ್ಲಿ ಅಚ್ಚು ಮತ್ತೆ ಒಳಗೆ ಹೋಗುತ್ತದೆ.

ಬಾಗಿಲು ಹಾಕಿದ ಮೇಲೆ ಓವನಿನ ಮುಂದೆ ಸ್ಟೂಲ್ ಎಳೆದುಕೊಂಡು ಕೂರುವುದು ನನ್ನ ಚಾಳಿ. ಗಾಜಿನಾಚೆ ಮೊದಲ ಏಳೆಂಟು ನಿಮಿಷ ಏನೂ ಕಾಣುವುದಿಲ್ಲ. ಅಂಚಿನ ಹಿಟ್ಟು ಮಾತ್ರ ಬಣ್ಣಗೆಟ್ಟು ಗಟ್ಟಿಯಾಗುತ್ತಿರುತ್ತದೆ. ಹತ್ತನೆಯ ನಿಮಿಷದ ಹೊತ್ತಿಗೆ ಒಂದರ ನಡು ಮೆಲ್ಲಗೆ ಉಬ್ಬುತ್ತದೆ, ಇನ್ನೊಂದು ಒಂದೇ ಬದಿಯಿಂದ ಎದ್ದು ವಾರೆಯಾಗುತ್ತದೆ, ನೋಡುನೋಡುತ್ತಿದ್ದಂತೆ ಆರೂ ಅಚ್ಚು ಮೀರಿ ಬೆಳೆಯುತ್ತವೆ. ಹಾಲಿನಲ್ಲಿ ಶೇ. 87ರಷ್ಟು, ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ. ಕುದಿಯುವ ನೀರು ಆವಿಯಾದರೆ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಅಚ್ಚಿಗೆ ತಾಗಿದ ಹೊರಪದರ ಮೊದಲು ಬೆಂದು ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ದ್ರವ. ಹೊರಬರಲು ದಾರಿ ಕಾಣದ ಆವಿ ಆ ದ್ರವವನ್ನೇ ಗೋಡೆಗೆ ಒತ್ತಿ, ಮೆತ್ತಗಿರುವ ತಲೆಯನ್ನು ಮೇಲಕ್ಕೆ ತಳ್ಳುತ್ತದೆ. ನೂರಾರು ಸಣ್ಣ ಗುಳ್ಳೆಗಳ ಬದಲು ಒಂದೇ ದೊಡ್ಡ ಪೊಳ್ಳು ಬರುವುದು ಹೀಗೆ.

ಬಾಗಿಲು ತೆಗೆಯಬೇಡಿ ಎಂದು ಎಲ್ಲ ಪಾಕವಿಧಾನಗಳೂ ಹೇಳುವುದು ಸುಮ್ಮನೆ ಅಲ್ಲ. ಮೊದಲ 20 ನಿಮಿಷ ಗೋಡೆಯನ್ನು ಎತ್ತಿ ಹಿಡಿದಿರುವುದು ಆವಿಯ ಒತ್ತಡ ಮಾತ್ರ, ಮೊಟ್ಟೆಯ ಪ್ರೋಟೀನ್ ಮತ್ತು ಪಿಷ್ಟ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ತಣ್ಣನೆ ಗಾಳಿ ನುಗ್ಗಿದರೆ ಆವಿ ಮತ್ತೆ ನೀರಾಗಿ ಎಲ್ಲ ಕುಸಿಯುತ್ತದೆ. ಕುಸಿದದ್ದನ್ನು ಮತ್ತೆ ಎಷ್ಟು ಕಾಯಿಸಿದರೂ ಏಳುವುದಿಲ್ಲ. 20 ನಿಮಿಷದ ನಂತರ ಬಾಗಿಲು ಮುಟ್ಟದೆ ಕಾವನ್ನು 180ಕ್ಕೆ ಇಳಿಸಿ ಇನ್ನೂ 15 ನಿಮಿಷ. ಬಣ್ಣ ಚಿನ್ನದಂತಾದ ಕೂಡಲೇ ತೆಗೆಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ಗೋಡೆಯ ಕೆಳಭಾಗವೂ ಕಂದಾಗಬೇಕು. ಮಸುಕಾಗಿ ತೆಗೆದದ್ದು ತಟ್ಟೆಗೆ ಬರುವ ಮೊದಲೇ ಸುಕ್ಕುಗಟ್ಟುತ್ತದೆ. ಹೊರತೆಗೆದೊಡನೆ ಪ್ರತಿಯೊಂದರ ಪಕ್ಕಕ್ಕೂ ಚೂರಿಯ ಮೊನೆಯಿಂದ ಚುಚ್ಚಿದರೆ ಸುಯ್ ಎಂದು ಆವಿ ಹೊರಡುತ್ತದೆ. ಆ ಆವಿ ಒಳಗೇ ಉಳಿದರೆ ಗರಿಗರಿಯಾದ ಗೋಡೆ ನೆನೆದು ಮೆತ್ತಗಾಗುತ್ತದೆ.

ಸಕ್ಕರೆ ಹಾಕಬಹುದೇ ಎಂದು ಕೇಳುತ್ತಾರೆ. ಒಂದು ಚಮಚ ತಡೆಯುತ್ತದೆ, ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ತುರಿದ ಚೀಸ್, ಕಾಳುಮೆಣಸು, ಕೊಚ್ಚಿದ ಸೊಪ್ಪು ಇವು ಹಗುರವಾಗಿದ್ದಷ್ಟೂ ಒಳ್ಳೆಯದು. ನನಗಂತೂ ಸಾದಾ ಪಾಪೋವರನ್ನು ಕೈಯಲ್ಲೇ ಹರಿದು, ಪೊಳ್ಳಿಗೆ ಒಂದು ತುಂಡು ಬೆಣ್ಣೆ ಬೀಳಿಸಿ, ಅದು ಕರಗಿ ತಳಕ್ಕಿಳಿಯುವಾಗ ತಿನ್ನುವುದೇ ಇಷ್ಟ. ಹಣ್ಣಿನ ಜಾಮ್ ಇದ್ದರೆ ಬೇಡ ಅನ್ನುವುದಿಲ್ಲ.

ನಾವು ತಿನ್ನುತ್ತಿರುವಾಗ ಓವನ್ ಸುಮ್ಮನಿರುವುದಿಲ್ಲ. ಪಾಪೋವರ್ ಹೊರಬಂದ ಕೂಡಲೇ ಮುಚ್ಚಳವಿರುವ ದಪ್ಪ ಎರಕದ ಕಬ್ಬಿಣದ ಪಾತ್ರೆಯನ್ನು ಒಳಗಿಟ್ಟು ಕಾವನ್ನು 240ಕ್ಕೆ ಏರಿಸಿರುತ್ತೇನೆ. ಓವನ್ ಆಗಲೇ ಬಿಸಿ ಇರುವುದರಿಂದ ಅರ್ಧ ಗಂಟೆಯಲ್ಲಿ ಪಾತ್ರೆ ಪೂರ್ತಿ ಕಾಯುತ್ತದೆ. ಕಣಕ ಉಬ್ಬಲು ಇಟ್ಟ ಹೊತ್ತಿನಿಂದ ಲೆಕ್ಕ ಹಾಕಿ: ಪಾಪೋವರ್ ಹಿಟ್ಟು ಸುಧಾರಿಸಿಕೊಳ್ಳಲು ಅರ್ಧ ಗಂಟೆ, ಬೇಯಲು 35 ನಿಮಿಷ, ಪಾತ್ರೆ ಕಾಯಲು ಅರ್ಧ ಗಂಟೆ. ಒಂದೂವರೆ ಗಂಟೆ ಅಲ್ಲಿಗೆ ಮುಗಿಯಿತು, ಕಣಕಕ್ಕೂ ಬೇಕಾದದ್ದು ಅಷ್ಟೇ. ಪಾಪೋವರ್ ಮತ್ತು ಈ ಬ್ರೆಡ್ಡನ್ನು ಜೋಡಿ ಮಾಡಿದ್ದಕ್ಕೆ ಈ ಲೆಕ್ಕವೇ ಕಾರಣ, ರುಚಿಯ ಹೊಂದಾಣಿಕೆ ಏನಲ್ಲ.

ಕವಿಚಿದ ಬೋಗುಣಿ ಎತ್ತಿ, ಹಿಟ್ಟು ಸವರಿದ ಬೆರಳನ್ನು ಕಣಕಕ್ಕೆ ಅರ್ಧ ಇಂಚು ಒತ್ತಿ ನೋಡುತ್ತೇನೆ. ಗುಳಿ ನಿಧಾನವಾಗಿ, ಪೂರ್ತಿ ತುಂಬದೆ ಏಳಬೇಕು. ಪುಟಿದು ತಕ್ಷಣ ತುಂಬಿಕೊಂಡರೆ ಇನ್ನೂ ಇಪ್ಪತ್ತು ನಿಮಿಷ ಬಿಡಬೇಕು. ಗುಳಿ ಹಾಗೇ ಉಳಿದರೆ ಹೊತ್ತು ಮೀರುತ್ತಿದೆ, ಬೇಗ ಒಳಗಿಡಿ. ಹರಿತವಾದ ಬ್ಲೇಡಿನಿಂದ ಮೇಲೆ ಒಂದು ಉದ್ದ ಗೀರು ಎಳೆದು, ಕಾಗದದ ಎರಡು ತುದಿ ಹಿಡಿದು ಕಾದ ಪಾತ್ರೆಗೆ ಇಳಿಸಿ ಮುಚ್ಚಳ ಹಾಕುತ್ತೇನೆ. ಪಾತ್ರೆಯ ಹಿಡಿಕೆ ಬಗ್ಗೆ ಎಚ್ಚರ ಇರಲಿ: ಓವನಿನಿಂದ ಹೊರಗಿಟ್ಟ ಮೇಲೂ ಅದು 240 ಡಿಗ್ರಿಯ ಕಬ್ಬಿಣವೇ. ಮುಚ್ಚಳದ ಮೇಲೆ ಬಟ್ಟೆ ಹಾಕಿಟ್ಟರೆ ಮರೆತು ಬರಿಗೈ ಹಾಕುವುದು ತಪ್ಪುತ್ತದೆ.

ಮುಚ್ಚಳದ ಕೆಲಸ ಆವಿ ಹಿಡಿದಿಡುವುದು. ಬೇಕರಿಗಳ ಓವನ್ನಿಗೆ ಆವಿ ಬಿಡುವ ವ್ಯವಸ್ಥೆ ಇರುತ್ತದೆ, ಮನೆಯ ಓವನಿನಲ್ಲಿ ಕಣಕ ತಾನೇ ಬಿಟ್ಟ ಆವಿಯನ್ನು ಪಾತ್ರೆ ಕಾಪಾಡಿಕೊಳ್ಳುತ್ತದೆ. ಮೇಲ್ಮೈ ಒದ್ದೆಯಾಗಿದ್ದಷ್ಟು ಹೊತ್ತು ಅದು ಹಿಗ್ಗಬಲ್ಲದು. ಯೀಸ್ಟ್ ಸಾಯುವುದು 55–60 ಡಿಗ್ರಿಯಲ್ಲಿ, ಅಲ್ಲಿಯವರೆಗೆ ಬಿಸಿಯೇರಿದ ಹುಮ್ಮಸ್ಸಿನಲ್ಲಿ ಜೋರಾಗಿ ದುಡಿಯುತ್ತದೆ, ಹಿಡಿದಿಟ್ಟ ಗಾಳಿಯೂ ಹಿಗ್ಗುತ್ತದೆ. ಬ್ರೆಡ್ ಕೊನೆಯ ಸಲ ಏಳುವುದು ಆಗಲೇ. 30 ನಿಮಿಷಕ್ಕೆ ಮುಚ್ಚಳ ತೆಗೆದಾಗ ಗೀರು ಬಾಯಿಬಿಟ್ಟು, ಅದರ ಅಂಚು ಎದ್ದು ನಿಂತಿರುತ್ತದೆ, ಬಣ್ಣ ಮಾತ್ರ ಇನ್ನೂ ಪೇಲವ. ಬಣ್ಣಕ್ಕೆ ಒಣಶಾಖ ಬೇಕು. ಅಮೈನೋ ಆಮ್ಲ ಮತ್ತು ಸಕ್ಕರೆ ಸೇರಿ ಕಂದು ಬಣ್ಣ, ಹುರಿದ ಪರಿಮಳ ಕೊಡುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದರು. ಅದು ಚುರುಕಾಗುವುದು 140 ಡಿಗ್ರಿ ದಾಟಿದ ಮೇಲೆ, ನೀರು ಕೂತಿರುವ ಮೇಲ್ಮೈ 100 ದಾಟುವುದೇ ಇಲ್ಲ. ಮುಚ್ಚಳವಿಲ್ಲದೆ ಇನ್ನು 15–20 ನಿಮಿಷ ಬೇಯಿಸುತ್ತೇನೆ. ನನಗೆ ಗಾಢ ಕಂದೇ ಬೇಕು. ಜೇನುಬಣ್ಣಕ್ಕೇ ತೆಗೆದರೆ ಹೊರಪದರ ಅರ್ಧ ಗಂಟೆಯಲ್ಲಿ ತೊಗಲಿನ ಹಾಗಾಗುತ್ತದೆ. ಅನುಮಾನವಿದ್ದರೆ ಚುಚ್ಚುವ ಥರ್ಮಾಮೀಟರ್ ನಡುವಿಗಿಳಿಸಿ ನೋಡಿ, 96ರಿಂದ 98 ಡಿಗ್ರಿ ಇದ್ದರೆ ಬೆಂದಿದೆ.

ಜಾಲರಿಯ ಮೇಲಿಟ್ಟ ಬ್ರೆಡ್ ಕೆಲವೇ ಕ್ಷಣಗಳಲ್ಲಿ ಚಿಟಿಚಿಟಿ ಎನ್ನತೊಡಗುತ್ತದೆ. ಒಣಗಿದ ಹೊರಪದರ ತಣ್ಣಗಾಗುತ್ತಾ ಕುಗ್ಗಿ ಅಲ್ಲಲ್ಲಿ ಸೀಳುವ ಸದ್ದು ಅದು. ಕಿವಿ ಹತ್ತಿರ ತಂದರೆ ಸಾಕಷ್ಟು ಗಟ್ಟಿಯಾಗೇ ಕೇಳುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳೂ ಕಾಣುತ್ತವೆ. ಬಿಸಿಬಿಸಿಯಾಗಿ ಕತ್ತರಿಸಲು ಮನೆಯವರೆಲ್ಲ ಚೂರಿ ಹಿಡಿದು ನಿಂತರೂ ಒಂದು ಗಂಟೆ ಬಿಡಬೇಕು. ಒಳಗಿನ ಪಿಷ್ಟ ತಣ್ಣಗಾಗುತ್ತಲೇ ಗಟ್ಟಿಗೊಳ್ಳುವುದು. ಮೊದಲೇ ಕೊಯ್ದರೆ ಚೂರಿಗೆ ತಿರುಳು ಮೆತ್ತಿಕೊಂಡು, ಬೆಂದಿಲ್ಲವೇನೋ ಎಂಬ ಸಂಶಯ ಬೇರೆ ಬರುತ್ತದೆ. ಪಾಪೋವರ್ ಮೊದಲು ಕೊಟ್ಟು ಹೊಟ್ಟೆ ತಣ್ಣಗೆ ಮಾಡಿಟ್ಟಿರುವುದು ಈ ಒಂದು ಗಂಟೆಯಲ್ಲಿ ನೆರವಾಗುತ್ತದೆ.

ರಾತ್ರಿ ಕಲಸಲು ಆಗದ ದಿನಕ್ಕೆ ಸೋಡಾ ಬ್ರೆಡ್ ಇದೆ. 450 ಗ್ರಾಂ ಹಿಟ್ಟಿಗೆ ತಲಾ ಒಂದು ಟೀ ಚಮಚ ಅಡುಗೆ ಸೋಡಾ, ಉಪ್ಪು, ಜೊತೆಗೆ 350ರಿಂದ 400 ಮಿಲಿಲೀಟರ್ ಗಟ್ಟಿ ಹುಳಿಮಜ್ಜಿಗೆ. ಹುಳಿ ತಾಗಿದ ಕ್ಷಣದಿಂದಲೇ ಸೋಡಾ ಗಾಳಿ ಬಿಡಲು ಶುರುಮಾಡುತ್ತದೆ, ಆದ್ದರಿಂದ ಇಲ್ಲಿ ಕಾಯುವುದೇ ತಪ್ಪು. ಓವನ್ ಮೊದಲೇ 200ಕ್ಕೆ ಕಾದಿರಬೇಕು, ಕೈಬೆರಳಿನಲ್ಲೇ ಕಲಸಿ, ಗುಂಡಗೆ ತಟ್ಟಿ, ಮೇಲೆ ಆಳವಾಗಿ ಕೂಡು ಗುರುತು ಕೊಯ್ದು ಕೂಡಲೇ ಒಳಗಿಡಬೇಕು. 40 ನಿಮಿಷ ಬೆಂದ ಮೇಲೆ ತಿರುಗಿಸಿ ತಳ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಸೋಡಾ ಅಳತೆ ಮೀರಿದರೆ ಸಾಬೂನಿನ ರುಚಿ, ಹಳದಿ ಬಣ್ಣ. ಅಂದೇ ತಿಂದು ಮುಗಿಸುವಂಥದ್ದು, ಮರುದಿನಕ್ಕೆ ಪುಡಿಪುಡಿ. ರುಚಿಯಲ್ಲಿ ರಾತ್ರಿ ಉಬ್ಬಿದ ಬ್ರೆಡ್ಡಿಗೆ ಸಮ ಅಂತ ನಾನು ಹೇಳಲಾರೆ, ಬಿಸಿ ಸೂಪಿನ ಪಕ್ಕಕ್ಕೆ ಮಾತ್ರ ಇದೇ ಸರಿ.

ರಾತ್ರಿಯ ಕಣಕವನ್ನೇ ಎಣ್ಣೆ ಸವರಿದ ತಟ್ಟೆಗೆ ಸುರಿದು, ಆಲಿವ್ ಎಣ್ಣೆ ಹಚ್ಚಿದ ಬೆರಳುಗಳಿಂದ ತಳ ಮುಟ್ಟುವಂತೆ ಗುಳಿ ಒತ್ತಿ, ಹರಳುಪ್ಪು ಉದುರಿಸಿ 220ರಲ್ಲಿ 25 ನಿಮಿಷ ಬೇಯಿಸಿದರೆ ಇಟಲಿಯ ಫೊಕಾಚಿಯ ಎಂಬ ಚಪ್ಪಟೆ ಬ್ರೆಡ್ಡಿನ ರೀತಿಯದಾಗುತ್ತದೆ. ಎರಕದ ಪಾತ್ರೆ ಇಲ್ಲದವರು ಇಲ್ಲಿಂದಲೇ ಶುರು ಮಾಡಬಹುದು. ಗುಂಡಗೆ ಮಾಡುವ, ಗೀರು ಎಳೆಯುವ ರಗಳೆ ಇಲ್ಲ.

ಉಳಿದದ್ದನ್ನು ಇಡುವ ವಿಚಾರ. ಬ್ರೆಡ್ಡನ್ನು ಫ್ರಿಜ್ಜಿಗಿಡುವುದು ಬೇಡ. ಪಿಷ್ಟ ಮತ್ತೆ ಹರಳುಗಟ್ಟಿ ಬ್ರೆಡ್ ಹಳಸಲಾಗುವುದು ಫ್ರಿಜ್ಜಿನ ತಂಪಿನಲ್ಲೇ ಅತಿ ಬೇಗ. ಕೊಯ್ದ ಮುಖವನ್ನು ಕೆಳಗೆ ಮಾಡಿ ಹಲಗೆಯ ಮೇಲೆ ಕವಿಚಿಟ್ಟರೆ ಎರಡು ದಿನ ಚೆನ್ನಾಗಿರುತ್ತದೆ. ಅದಕ್ಕೂ ಹೆಚ್ಚು ದಿನ ಬೇಕಾದರೆ ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಾಗ ನೇರ ಟೋಸ್ಟರಿಗೆ ಇಳಿಸಿ. ಪಾಪೋವರ್ ಉಳಿಯುವುದೇ ಅಪರೂಪ. ಉಳಿದರೆ 175 ಡಿಗ್ರಿಯಲ್ಲಿ ಐದು ನಿಮಿಷ ಬಿಸಿಮಾಡಿ, ಗರಿಗರಿ ಬಹುಪಾಲು ಮರಳಿ ಬರುತ್ತದೆ. ಮೈಕ್ರೋವೇವ್‌ನಲ್ಲಿ ಇಟ್ಟರೆ ರಬ್ಬರ್. ಅಚ್ಚಿನಲ್ಲಿ ಹಿಡಿಸದೆ ಉಳಿದ ಹಿಟ್ಟನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ದಿನಕ್ಕೂ ಆಗುತ್ತದೆ, ಸುರಿಯುವ ಒಂದು ಗಂಟೆ ಮೊದಲು ಹೊರಗಿಟ್ಟು, ತಳದಲ್ಲಿ ಕೂತ ಹಿಟ್ಟನ್ನು ಕಲಕಿಕೊಳ್ಳಬೇಕು ಅಷ್ಟೇ.